ಭುಜ ಬಿಗಿದುಕೊಂಡರೆ ಎಣ್ಣೆ ತಿಕ್ಕಿ ಕೂರಬೇಡಿ

ಹಾಲು ಉತ್ಪಾದಕ ಸಹೋದರಿಯರೇ,

ಹಸು ಒಂದು ಹೊತ್ತು ಮೇವು ಬಿಟ್ಟರೆ ಡಾಕ್ಟರನ್ನು ಕರೆಸುತ್ತೀರಿ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರೆಗೂ ಹೋಗಿ ವಿಚಾರಿಸುತ್ತೀರಿ. ನಿಮ್ಮ ಭುಜ ನೋಯುತ್ತಿದ್ದರೆ ಮಾತ್ರ ಹುಲ್ಲಿನ ಹೊರೆ ಹೊತ್ತಿದ್ದಕ್ಕೆ ಎಂದು ಸುಮ್ಮನಾಗುತ್ತೀರಿ. ತಲೆ ಬಾಚಲು, ರವಿಕೆ ತೊಡಲು ಕೈ ಏಳದಂತಾದ ಮೇಲೆ ಆಸ್ಪತ್ರೆ ನೆನಪಾಗುತ್ತದೆ.

ವೈದ್ಯರು ಇದನ್ನು ಫ್ರೋಜನ್ ಶೋಲ್ಡರ್ ಎನ್ನುತ್ತಾರೆ. ಭುಜದ ಕೀಲನ್ನು ಸುತ್ತಿರುವ ಪೊರೆ ದಪ್ಪವಾಗಿ ಬಿಗಿದುಕೊಳ್ಳುತ್ತದೆ, ಹಾಲು ಹೆಪ್ಪುಗಟ್ಟಿದ ಹಾಗೆ. ಆದರೆ ಮೊಸರು ಮತ್ತೆ ಹಾಲಾಗದು, ಭುಜ ಮಾತ್ರ ನಿಧಾನವಾಗಿ ಸಡಿಲವಾಗುತ್ತದೆ. 40ರಿಂದ 60 ವರ್ಷದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಇದು ಹೆಚ್ಚು. ಸಕ್ಕರೆ ಕಾಯಿಲೆ, ಥೈರಾಯ್ಡ್ ಇದ್ದವರಿಗೆ ಇನ್ನೂ ಹೆಚ್ಚು. ಭುಜ ತೋರಿಸಲು ಹೋದ ದಿನವೇ ಸಕ್ಕರೆ ಪರೀಕ್ಷೆಯನ್ನೂ ಮಾಡಿಸಿ.

ಮೊಣಕೈಯನ್ನು ಪಕ್ಕೆಗೆ ಒತ್ತಿ ಮಡಿಸಿಕೊಂಡು, ಮುಂಗೈಯನ್ನು ಹೊರಕ್ಕೆ ತಿರುಗಿಸಿ ನೋಡಿ. ಮನೆಯವರು ಮೆಲ್ಲಗೆ ತಿರುಗಿಸಿದರೂ ಬಾರದಿದ್ದರೆ ಈ ಬಿಗಿತವೇ ಇರಬಹುದು. ನೀವು ಎತ್ತಲಾಗದ ಕೈಯನ್ನು ಬೇರೆಯವರು ಎತ್ತಿದಾಗ ಸಲೀಸಾಗಿ ಮೇಲೇರಿದರೆ ಒಳಗಿನ ಸ್ನಾಯುವಿಗೆ ಪೆಟ್ಟಾಗಿರಬಹುದು. ಅದರ ಚಿಕಿತ್ಸೆ ಬೇರೆ. ಹಸು ಗುಮ್ಮಿದ ಮೇಲೆ ಅಥವಾ ಬಿದ್ದ ಮೇಲೆ ಬಂದ ನೋವಾದರೆ ಎಕ್ಸ್‌ರೇ ಬೇಕಾಗಬಹುದು. ಎಡಗೈ ನೋವಿನ ಜೊತೆ ಎದೆ ಹಿಡಿದು ಬೆವರು ಬಂದರೆ ಭುಜದ ಮಾತೇ ಬೇಡ, ತಕ್ಷಣ ಆಸ್ಪತ್ರೆಗೆ ಹೋಗಿ.

ಮೊದಲ ಕೆಲವು ತಿಂಗಳು ನೋವಿನದೇ ಕಾಟ, ರಾತ್ರಿ ಆ ಮಗ್ಗುಲಿಗೆ ಮಲಗಲಾಗದು. ಆಗ ಯಾರಿಂದಲೂ ಕೈ ಜಗ್ಗಿಸಿಕೊಳ್ಳಬೇಡಿ, ನೋವು ಹೆಚ್ಚುತ್ತದೆ. ಒಳ್ಳೆಯ ಕೈಯಲ್ಲಿ ಗೋದಲಿಯ ಅಂಚು ಹಿಡಿದು ಬಗ್ಗಿ, ನೋವಿನ ಕೈಯನ್ನು ಜೋತುಬಿಟ್ಟು ಸಣ್ಣ ಸುತ್ತು ತಿರುಗಿಸಿ. ಆ ಕಡೆಗೆ 10, ಈ ಕಡೆಗೆ 10 ಸಾಕು. ನೋವು ಇಳಿದು ಬಿಗಿತ ಉಳಿದಾಗ ಫಿಸಿಯೋಥೆರಪಿಯ ನಿಜವಾದ ಕೆಲಸ. ಗೋಡೆಗೆ ಮುಖ ಮಾಡಿ ನಿಂತು, ಬೆರಳುಗಳನ್ನು ಇರುವೆಯಂತೆ ಮೇಲಕ್ಕೆ ಹತ್ತಿಸಿ, ಮುಟ್ಟಿದ ಕಡೆ ಇದ್ದಿಲಿನಿಂದ ಗೆರೆ ಎಳೆಯಿರಿ. ವಾರ ಬಿಟ್ಟು ನೋಡಿದರೆ ಗೆರೆ ಏರಿದ್ದು ಕಾಣುತ್ತದೆ. ಬೆನ್ನ ಹಿಂದೆ ಟವೆಲ್ ಹಿಡಿದು, ಮೇಲಿನ ಒಳ್ಳೆಯ ಕೈಯಿಂದ ಕೆಳಗಿನ ಕೈಯನ್ನು ಮೆಲ್ಲಗೆ ಎಳೆಯುವುದೂ ಒಳ್ಳೆಯದು. ಮೊದಲು 10 ನಿಮಿಷ ಬಿಸಿ ಶಾಖ ಕೊಡಿ. ಸಕ್ಕರೆ ಕಾಯಿಲೆಯವರು ಬಿಸಿಯನ್ನು ಬೇರೆಯವರಿಂದ ಮುಟ್ಟಿಸಿ ನೋಡಿ. ವ್ಯಾಯಾಮದ ನೋವು ಸ್ವಲ್ಪ ಹೊತ್ತಿಗೆ ಇಳಿದರೆ ಸರಿ, ರಾತ್ರಿ ನಿದ್ದೆ ಕೆಡಿಸಿದರೆ ಅತಿಯಾಯಿತು ಎಂದರ್ಥ.

ಪೂರ್ತಿ ವಾಸಿಗೆ ಒಂದರಿಂದ ಮೂರು ವರ್ಷ ಹಿಡಿಯಬಹುದು. ಅಷ್ಟು ದಿನ ಕೊಟ್ಟಿಗೆ ಬಿಡಲಾದೀತೇ? ಹಾಲು ಕರೆಯುವಾಗ ಕೈ ಭುಜದಿಂದ ಕೆಳಗೇ ಇರುವುದರಿಂದ ಬಹಳ ಜನಕ್ಕೆ ಅದು ಸಾಗುತ್ತದೆ. ತುಂಬಿದ ಕ್ಯಾನ್ ಎತ್ತುವುದು, ಬಣವೆಯಿಂದ ಹುಲ್ಲು ಹಿರಿಯುವುದು ಮನೆಯ ಗಂಡಸರಿಗಿರಲಿ.

ಯಲಹಂಕದ ಕಡೆಯವರು ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ, ಯಶವಂತಪುರದ ಕಡೆಯವರು ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆಯಲ್ಲಿ ಮೂಳೆ ವೈದ್ಯರಿಗೆ ತೋರಿಸಿ. ನೋವು ವಿಪರೀತವಿದ್ದರೆ ಕೀಲಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡಬಹುದು. ಅದರಿಂದ ಕೆಲವು ದಿನ ಸಕ್ಕರೆ ಏರುತ್ತದೆ, ಸಕ್ಕರೆ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿಬಿಡಿ.