ಗಣಿ ಗುಂಡಿ ಮುಚ್ಚುವ ಲೆಕ್ಕ



ಎಮ್ಮೆ ಕೊಳ್ಳೋಕೆ ಸಾಲ ಕೊಡುವಾಗ ನಾವು ಬೆಲೆ ಒಂದನ್ನೇ ನೋಡುವುದಿಲ್ಲ, ಮೇವಿನ ಖರ್ಚನ್ನೂ ಕೇಳುತ್ತೇವೆ. ಸಂಡೂರಿನಂಥ ಕಡೆ ಅದಿರು ತೆಗೆದ ಗುಂಡಿಗೂ ಅದೇ ಲೆಕ್ಕ ಬೇಕು. ದಾರಿ ಮೂರು:

1. ಬೇಲಿ ಹಾಕಿ ಬಿಡುವುದು: ಇವತ್ತಿಗೆ ಅಗ್ಗ. ಆದರೆ ಬೇಲಿ, ಕಾವಲು ಪ್ರತಿ ವರ್ಷ ಬೇಕು. ಮಳೆಗೆ ಕೆಮ್ಮಣ್ಣು ಹೊಲಕ್ಕೆ ಹರಿದರೆ ನಷ್ಟ ರೈತರದು.

2. ಅಂಚು ಇಳಿಜಾರು ಮಾಡಿ, ಗಿಡ ನೆಟ್ಟು, ನೀರು ನಿಲ್ಲಿಸುವುದು: ನಡುವಿನ ಖರ್ಚು. ನೀರಿನ ಪರೀಕ್ಷೆ ತಪ್ಪದೆ ಆಗಬೇಕು.

3. ಪೂರ್ತಿ ತುಂಬುವುದು: ಎಲ್ಲಕ್ಕಿಂತ ದುಬಾರಿ.

ಒಂದು ಹೆಕ್ಟೇರ್, ಅಂದರೆ ಎರಡೂವರೆ ಎಕರೆ ಗುಂಡಿ 20 ಮೀಟರ್ ಆಳ ಇದ್ದರೆ 2 ಲಕ್ಷ ಘನ ಮೀಟರ್ ಮಣ್ಣು ಬೇಕು. ಟಿಪ್ಪರಿಗೆ 10 ಘನ ಮೀಟರ್ ಅಂದರೂ 20,000 ಟ್ರಿಪ್! ಮುಚ್ಚುವ ಹೊಣೆ ಕಂಪನಿಯದೇ. ಅದು ಕೈಬಿಟ್ಟರೆ ಇರಲಿ ಎಂದು 2021ರ ತಿದ್ದುಪಡಿ ನಿಯಮ ದೊಡ್ಡ ಗಣಿಗಳಿಗೆ ಗೊತ್ತುಮಾಡಿದ ಭದ್ರತೆ ಹೆಕ್ಟೇರಿಗೆ 5 ಲಕ್ಷ ರೂಪಾಯಿ. ಭಾಗಿಸಿ ನೋಡಿ, ಟ್ರಿಪ್ಪಿಗೆ ಬರೀ 25 ರೂಪಾಯಿ. ಡೀಸೆಲ್ಲಿಗೂ ಸಾಲದು.

ಆದ್ದರಿಂದ ಗಣಿ ನಡೆಯುವಾಗಲೇ, ಅದಿರು ಮುಗಿದ ಭಾಗಕ್ಕೆ ಹೊಸದಾಗಿ ತೆಗೆದ ಮಣ್ಣನ್ನು ತುಂಬಿಸುತ್ತಾ ಹೋಗಬೇಕು. ಆಗ ಸಾಗಣೆ ಖರ್ಚು ಒಂದೇ ಸಲ.

ಸಂಘದಲ್ಲಿ ಚರ್ಚಿಸಿ:

• ನಮ್ಮ ಸುತ್ತಲಿನ ಗುಂಡಿಗೆ ಯಾವ ದಾರಿ ಸರಿ?

• ಪರಿಸರ ಅಹವಾಲು ಸಭೆಯಲ್ಲಿ "ಮುಚ್ಚುವ ಯೋಜನೆ ಏನು, ಹಣ ಎಷ್ಟು ಇಟ್ಟಿದ್ದೀರಿ?" ಅಂತ ಕೇಳುವವರು ನಮ್ಮಲ್ಲಿ ಯಾರು?