ಎರಡು ಮೀಟರು ನೂಲು, ಒಂದಕ್ಷರದ ತಪ್ಪು



ಎಳೆಯ ಮಗುವಿಗೆ ರಕ್ತಹೀನತೆ ಬಂದು ಯಾವ ಟಾನಿಕ್ಕಿಗೂ ಬಗ್ಗದೆ ಹೋದರೆ ನಮ್ಮ ಮನೆಗಳಲ್ಲಿ ಎರಡು ಮಾತು ಕೇಳಿಬರುತ್ತವೆ. ಒಂದು, ತಾಯಿಯ ಕಡೆಯ ದೋಷ. ಇನ್ನೊಂದು, ಪೂರ್ವಜನ್ಮದ ಕರ್ಮ. ಆದರೆ ಇಂಥ ಕೆಲವು ರೋಗಗಳ ಮೂಲವನ್ನು ವಿಜ್ಞಾನವು ಅಕ್ಷರ ಅಕ್ಷರವಾಗಿ ಓದಿ ತೋರಿಸಿದೆ. ಅದನ್ನು ಅರಿಯಲು ಜೀವಕೋಶದ ಒಳಗಿನ ನೂಲಿನಿಂದಲೇ ಹೊರಡೋಣ.

ನೂಲು ಮತ್ತು ಬಾಬಿನ್

ನಮ್ಮ ಹೆಚ್ಚಿನ ಜೀವಕೋಶಗಳಲ್ಲಿ ಕೋಶಕೇಂದ್ರವೆಂಬ ಗೋಲವಿದೆ. ಅದರ ಅಡ್ಡಳತೆ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ನೂರನೆಯ ಒಂದು ಪಾಲಿಗಿಂತಲೂ ಕಡಿಮೆ. ಅಷ್ಟರೊಳಗೆ ಸುಮಾರು 2 ಮೀಟರು ಉದ್ದದ ಡಿ.ಎನ್.ಎ. ಎಂಬ ನೂಲು ಅಡಕವಾಗಿದೆ. ಅದು 46 ತುಂಡುಗಳಾಗಿದೆ. 23 ತಂದೆಯಿಂದ, 23 ತಾಯಿಯಿಂದ ಬಂದವು. ಇವೇ ವರ್ಣತಂತುಗಳು.

ಗಿರಣಿಯಲ್ಲಿ ದುಡಿಯುವವರಿಗೆ ಇದರ ಉಪಾಯ ಬೇಗ ಹೊಳೆಯುತ್ತದೆ. ನೂಲನ್ನು ರಾಶಿ ಹಾಕಿದರೆ ಸಿಕ್ಕಾಗುತ್ತದೆ, ಬಾಬಿನ್ನಿಗೆ ಸುತ್ತಿದರೆ ಅಡಕವಾಗುತ್ತದೆ. ಇಲ್ಲಿಯ ಬಾಬಿನ್ನಿಗೆ ಹಿಸ್ಟೋನ್ ಎಂದು ಹೆಸರು. ಎಂಟು ಹಿಸ್ಟೋನ್ ಪ್ರೋಟೀನುಗಳ ಒಂದೊಂದು ಗುಂಪಿನ ಸುತ್ತ ನೂಲು ಒಂದೂವರೆ ಸುತ್ತಿಗಿಂತ ತುಸು ಹೆಚ್ಚು ಸುತ್ತಿಕೊಳ್ಳುತ್ತದೆ. ನೂಲಿಗೆ ಋಣ ವಿದ್ಯುದಂಶ, ಹಿಸ್ಟೋನಿಗೆ ಧನ ವಿದ್ಯುದಂಶ. ಆದುದರಿಂದ ಎರಡೂ ಅಂಟಿಕೊಂಡು ನಿಲ್ಲುತ್ತವೆ. ಬಿಗಿಯಾಗಿ ಸುತ್ತಿದ ಭಾಗವನ್ನು ಜೀವಕೋಶವು ಓದಲಾರದು. ಬೇಕಾದ ಭಾಗವನ್ನು ಮಾತ್ರ ಸಡಿಲಿಸಿ ಓದುತ್ತದೆ.

ಅಕ್ಷರಗಳ ತಪ್ಪು

ಓದುವುದೇನನ್ನು? ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳ ಬರಹವನ್ನು. ಪ್ರೋಟೀನು ಕಟ್ಟುವಾಗ ಮೂರು ಮೂರು ಅಕ್ಷರ ಕೂಡಿಸಿ ಓದಬೇಕು. ಕೋಶವು ಇಬ್ಭಾಗವಾಗುವ ಮುನ್ನ ಈ ಬರಹವೆಲ್ಲ ನಕಲಾಗುತ್ತದೆ. ನಕಲಿನ ತಪ್ಪುಗಳಲ್ಲಿ ಬಹುಪಾಲು ಅಲ್ಲಿಯೇ ತಿದ್ದಲ್ಪಡುತ್ತವೆ. ಉಳಿದುಕೊಂಡ ಬದಲಾವಣೆಗೆ ಉತ್ಪರಿವರ್ತನೆ ಎನ್ನುತ್ತಾರೆ. “ಅವನು ಮನೆಗೆ ಬರಲಿ” ಎಂಬ ವಾಕ್ಯದಿಂದ ಅದರ ಬಗೆಗಳನ್ನು ತಿಳಿಯಬಹುದು.

1. ಅಕ್ಷರ ಬದಲಾಗುವುದು. “ಅವಳು ಮನೆಗೆ ಬರಲಿ” ಎಂದರೆ ಒಂದೇ ಅಕ್ಷರದಿಂದ ಬರುವವರೇ ಬೇರೆ. ರಕ್ತದ ಹಿಮೋಗ್ಲೋಬಿನ್ನಿನ ಒಂದು ಜೀನಿನಲ್ಲಿ ‘ಜಿಎಜಿ’ ಎಂಬುದು ‘ಜಿಟಿಜಿ’ ಆದರೆ ಕುಡುಗೋಲು ರಕ್ತಕಣದ ದೋಷ ಬರುತ್ತದೆ. ಅದೇ ‘ಜಿಎಜಿ’ಯು ‘ಜಿಎಎ’ ಆದರೆ ಏನೂ ಕೆಡುವುದಿಲ್ಲ. ಎರಡಕ್ಕೂ ಅರ್ಥ ಒಂದೇ.

2. ಅಕ್ಷರ ಬಿಡುವುದು ಅಥವಾ ಸೇರುವುದು. ‘ವ’ ಬಿಟ್ಟು ಮೂರು ಮೂರಾಗಿ ಓದಿರಿ: “ಅನುಮ ನೆಗೆಬ ರಲಿ”. ಮುಂದಿನದೆಲ್ಲ ಹಾಳು. ಅದೇ ಜೀನಿನಲ್ಲಿ ನಾಲ್ಕು ಅಕ್ಷರ ಬಿಟ್ಟುಹೋಗಿ ಬರುವ ಒಂದು ಬಗೆಯ ಥಲಸೀಮಿಯ ನಮ್ಮ ದೇಶದಲ್ಲಿಯೂ ಇದೆ.

3. ದೊಡ್ಡ ತುಂಡೇ ಹೋಗುವುದು. 619 ಅಕ್ಷರ ಕಳೆದುಹೋದ ಥಲಸೀಮಿಯ ಸಿಂಧಿ ಜನರಲ್ಲಿ ಹೆಚ್ಚಾಗಿ ಕಂಡುಬಂದಿದೆ.

4. ಇಡೀ ವರ್ಣತಂತು ಹೆಚ್ಚು ಕಡಿಮೆಯಾಗುವುದು. 21ನೆಯ ವರ್ಣತಂತು ಎರಡರ ಬದಲು ಮೂರಿದ್ದರೆ ಡೌನ್ ಸಿಂಡ್ರೋಮ್. ಇದನ್ನು 1959ರಲ್ಲಿ ಪ್ಯಾರಿಸಿನ ವಿಜ್ಞಾನಿಗಳು ಪ್ರಕಟಿಸಿದರು.

ನಮಗೇನು?

ಕುಡುಗೋಲು ರೋಗಕ್ಕೂ ಥಲಸೀಮಿಯಕ್ಕೂ ಒಂದು ನಿಯಮವಿದೆ. ಕೆಟ್ಟ ಪ್ರತಿ ಒಂದೇ ಇದ್ದವರು ಸಾಮಾನ್ಯವಾಗಿ ಆರೋಗ್ಯವಂತರೇ, ಅವರು ವಾಹಕರು. ತಂದೆ ತಾಯಿ ಇಬ್ಬರೂ ವಾಹಕರಾಗಿದ್ದರೆ ಪ್ರತಿಯೊಂದು ಬಸಿರಿನಲ್ಲಿಯೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಮೊದಲ ಮಗುವಿಗೆ ಬಂದಿತೆಂದು ಮುಂದಿನ ಮೂವರು ಪಾರಾದರೆಂಬ ಲೆಕ್ಕ ಸಲ್ಲದು. ಕೆಟ್ಟ ಪ್ರತಿ ಇಬ್ಬರಿಂದಲೂ ಬಂದಿರುವುದರಿಂದ ತಾಯಿಯೊಬ್ಬಳನ್ನೇ ಹಳಿಯುವುದು ಅನ್ಯಾಯ. ಸೋದರಮಾವ, ಅತ್ತೆಯ ಮಗ ಮುಂತಾದ ರಕ್ತಸಂಬಂಧದ ಮದುವೆಗಳಲ್ಲಿ ಇಬ್ಬರಲ್ಲಿಯೂ ಒಂದೇ ತಪ್ಪು ಇರುವ ಸಂಭವ ಹೆಚ್ಚು.

ವಾಹಕರನ್ನು ಗುರುತಿಸಲು ಸಾಮಾನ್ಯವಾಗಿ ರಕ್ತಪರೀಕ್ಷೆಯೊಂದು ಸಾಕು. ಆಸ್ಪತ್ರೆಯಲ್ಲಿ ‘ಹಿಮೋಗ್ಲೋಬಿನ್ ಎಚ್.ಪಿ.ಎಲ್.ಸಿ.’ ಎಂದು ಕೇಳಿರಿ. ಒಬ್ಬರು ಮಾತ್ರ ವಾಹಕರಾದರೆ ಮದುವೆಗೆ ಅಡ್ಡಿಯಿಲ್ಲ. ಇಬ್ಬರೂ ಆಗಿದ್ದರೆ ಮೊದಲೇ ವೈದ್ಯರ ಸಲಹೆ ಪಡೆಯಬೇಕು. ಜಾತಕ ನೋಡುವ ಮನೆಯವರು ಅದನ್ನೂ ನೋಡಲಿ. ಅದರೊಡನೆ ಹುಡುಗ ಹುಡುಗಿ ಇಬ್ಬರ ರಕ್ತವನ್ನೂ ಒಮ್ಮೆ ಪರೀಕ್ಷೆ ಮಾಡಿಸಲಿ.