ಬೋಳು ಬಂಡೆಯ ಬಾಳು

ಹಿನಕಲ್ಲಿನ ಕಡೆಯಿಂದ ನೋಡಿದರೆ ಮೈಸೂರಿನ ಆಚೆಗೆ ಚಾಮುಂಡಿಬೆಟ್ಟ ಕಾಣುವುದು. ಸಮುದ್ರಮಟ್ಟದಿಂದ ಸುಮಾರು 1,060 ಮೀಟರು ಎತ್ತರದ ಈ ಬೆಟ್ಟದ ಗ್ರಾನೈಟ್ ಬಂಡೆಗಳು ದೂರಕ್ಕೆ ಬರಿಯ ಕಲ್ಲು. ಹತ್ತಿರ ಹೋದರೆ ಅವು ಬೋಳಲ್ಲವೆಂಬುದು ತಿಳಿಯುವುದು.

ಬಂಡೆಗೆ ಅಂಟಿದ ಬೂದು, ಹಸುರು ಚಕ್ಕೆಗಳು ನಮ್ಮ ಮಸಾಲೆಯ ಕಲ್ಲುಹೂವಿನ ಬಂಧುಗಳು. ಒಂದೊಂದು ಚಕ್ಕೆಯಲ್ಲಿಯೂ ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವುವು. ಶಿಲೀಂಧ್ರ ಆಸರೆಯನ್ನೂ ತೇವವನ್ನೂ ಒದಗಿಸಿದರೆ, ಪಾಚಿ ಸೂರ್ಯನ ಬೆಳಕಿನಿಂದ ಆಹಾರವನ್ನು ತಯಾರಿಸುವುದು. ಬೇಸಗೆಯಲ್ಲಿ ಒಣಗಿ ನಿಶ್ಚೇಷ್ಟವಾದ ಚಕ್ಕೆ ಮಳೆ ಬಿದ್ದೊಡನೆ ಚೇತರಿಸಿಕೊಳ್ಳುವುದು. ಅದು ಸ್ರವಿಸುವ ಆಮ್ಲಗಳು ಕಲ್ಲನ್ನು ಮೆಲ್ಲಮೆಲ್ಲನೆ ಸವೆಸುವುವು. ಹೀಗೆ ಉದುರಿದ ಹುಡಿ ಬಿರುಕಿನಲ್ಲಿ ಮಣ್ಣಾಗಿ, ಅಲ್ಲಿ ಹಾವಸೆಯೂ ಹುಲ್ಲೂ ಬೇರೂರುವುವು.

ಬಿರುಕಿಗೆ ಇನ್ನೊಂದು ಉಪಯೋಗವುಂಟು. ಹಗಲಲ್ಲಿ ಬಂಡೆಯ ಮೇಲ್ಮೈ ಕಾಲಿಡಲಾಗದಷ್ಟು ಕಾಯುವುದು, ಇರುಳಲ್ಲಿ ಆರುವುದು. ಆದರೆ ಶಾಖ ಕಲ್ಲಿನೊಳಕ್ಕೆ ನಿಧಾನವಾಗಿ ಹರಿಯುವುದರಿಂದ, ಅರ್ಧ ಮೀಟರು ಆಳದಲ್ಲಿ ಈ ಏರಿಳಿತ ಮೇಲ್ಮೈಯದರ ಹತ್ತರಲ್ಲೊಂದು ಪಾಲಿಗಿಂತಲೂ ಕಡಮೆ. ಭೌತವಿಜ್ಞಾನವನ್ನು ಓದದ ಓತಿಕೇತವೂ ಇದನ್ನು ಬಲ್ಲುದು. ಬೆಳಗ್ಗೆ ಬಂಡೆಯ ಮೇಲೆ ಮೈ ಕಾಯಿಸಿಕೊಂಡು, ಬಿಸಿಲು ಮಿತಿಮೀರಿದಾಗ ತಂಪಾದ ಬಿರುಕಿಗೆ ಸರಿಯುವುದು.

ಈ ಸಂಸಾರಕ್ಕೆಲ್ಲ ತಳಹದಿಯಾದ ಚಕ್ಕೆಗಳಲ್ಲಿ ಅನೇಕವು ವರ್ಷಕ್ಕೆ ಒಂದು ಮಿಲಿಮೀಟರಿನಷ್ಟೂ ಹರಡುವುದಿಲ್ಲ. ಅಂಗೈಯಗಲದ ಚಕ್ಕೆ ಎಷ್ಟೋ ದಶಕಗಳ ದುಡಿಮೆ. ಬಂಡೆಯ ಮೇಲೆ ತನ್ನ ಹೆಸರು ಕೆತ್ತುವವನು ಅದನ್ನು ಕ್ಷಣದಲ್ಲಿ ಕೆರೆದುಹಾಕಬಲ್ಲನು. ಅದು ಮತ್ತೆ ಬೆಳೆಯುವುದನ್ನು ಕಾಣಲು ಅವನ ಆಯುಷ್ಯ ಸಾಲದೆ ಹೋಗಬಹುದು.